ಮಾದಿ ಹೆತ್ತೆಯ ಹಣ

ಭೋಜನ್ ಮಾತಾಡಲು ಎದ್ದರೆ ಊಟಿಯ ನಾಣ್ಯ ಸಂಗ್ರಾಹಕರ ಸಂಘದಲ್ಲಿ ನಾಲ್ಕೈದು ಜನ ಟೀ ಕುಡಿಯುವ ನೆಪದಲ್ಲಿ ಹೊರಗೆ ಜಾರಿಕೊಳ್ಳುವುದು ವಾಡಿಕೆ. ಈ ಮನುಷ್ಯ ಒಮ್ಮೆ ಶುರುಮಾಡಿದರೆ ಇಳಿದ ಮಂಜು ಮತ್ತೆ ಏರುವ ತನಕ ನಿಲ್ಲಿಸುವುದಿಲ್ಲ ಎಂಬುದು ಅವರ ದೂರು. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವನು ಎದ್ದು ನಿಂತಾಗ ಒಬ್ಬನೂ ಕುರ್ಚಿ ಬಿಡಲಿಲ್ಲ. ಜಗಳ ನೋಡಲು ಸಿಗುವಾಗ ಟೀ ಯಾರಿಗೆ ಬೇಕು.

ಆಗಷ್ಟೇ ಕಾರ್ಯದರ್ಶಿ ಮುರಳೀಧರನ್ ಹೊಸ ನಿಯಮವೊಂದನ್ನು ಓದಿ ಕೂತಿದ್ದ. ಕಮರ್ಷಿಯಲ್ ರೋಡಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟ ಅಚ್ಚುಕಟ್ಟಿನ ಮನುಷ್ಯ ಅವನು. ಪೆನ್ನಿನ ಮುಚ್ಚಳವನ್ನೂ ಒರೆಸಿ ಜೇಬಿಗೆ ಸಿಕ್ಕಿಸಿಕೊಳ್ಳುವವನು. ಸೆಪ್ಟೆಂಬರಿನ ಪ್ರದರ್ಶನದಲ್ಲಿ ಇನ್ನು ಮೇಲೆ ಬಿಡಿ ನಾಣ್ಯಗಳಿಗೆ ಜಾಗವಿಲ್ಲ. ಗ್ರೇಡಿಂಗ್ ಕಂಪನಿಯವರು ಪರೀಕ್ಷಿಸಿ, ಚೀಟಿ ಹಚ್ಚಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸಿದ ನಾಣ್ಯಗಳನ್ನು ಮಾತ್ರ ಇಡತಕ್ಕದ್ದು. ಇದು ನಿಯಮ.

ಭೋಜನ್‌ಗೆ ಅರವತ್ತೇಳು. ಕೂನೂರಿನ ಹತ್ತಿರದ ಹುಬ್ಬತಲೈ ಅವನ ಊರು. ಒಂದೂವರೆ ಎಕರೆ ಟೀ ತೋಟ ಇದೆಯಾದರೂ, ಮೂವತ್ತೆರಡು ವರ್ಷ ಅವನು ಬದುಕಿದ್ದು ಟೀ ಫ್ಯಾಕ್ಟರಿಯ ಸಾರ್ಟಿಂಗ್ ಕೋಣೆಯಲ್ಲಿ, ಒಣಗಿದ ಎಲೆಯನ್ನು ಜರಡಿ ಹಿಡಿಸಿ ದರ್ಜೆ ದರ್ಜೆಯಾಗಿ ಬೇರೆ ಮಾಡಿಸುವ ಮೇಸ್ತ್ರಿಯಾಗಿ. ದರ್ಜೆ ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಘದಲ್ಲಿ ಮಾತೆಲ್ಲ ತಮಿಳಿನಲ್ಲಿ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಭೋಜನ್ ತನ್ನ ಮನೆಮಾತಿಗೆ, ನೀಲಗಿರಿಯ ಬಡಗರ ಮಾತಿಗೆ, ಇಳಿಯುತ್ತಿದ್ದ, ಆಗ ಅದು ತಿಳಿಯುವುದು ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಮಾರ್ಕೆಟ್ಟಿನಲ್ಲಿ ಕ್ಯಾರೆಟ್ ವ್ಯಾಪಾರ ಮಾಡುತ್ತಿದ್ದ ನಂಜುಂಡೇಶನೊಬ್ಬನಿಗೆ.

“ನಮ್ಮ ಫ್ಯಾಕ್ಟರಿಯಲ್ಲಿ ಒಂದು ಸಲ ಒಂದೇ ಜರಡಿಯ ಟೀಯನ್ನು ಎರಡು ಚೀಲಕ್ಕೆ ತುಂಬಿ, ಎರಡು ಹೆಸರು ಬರೆದು ಹರಾಜಿಗೆ ಕಳಿಸಿದರು,” ಎಂದ ಭೋಜನ್. “ರುಚಿ ನೋಡುವವನು ಒಂದನ್ನು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಇನ್ನೊಂದನ್ನು ಉಗಿದ. ಅವನು ಕಳ್ಳನಲ್ಲ, ಒಳ್ಳೆಯವನೇ. ಆದರೆ ಅವನು ಕುಡಿದದ್ದು ಟೀ ಅಲ್ಲ, ಚೀಲದ ಮೇಲಿನ ಹೆಸರು. ನಾಳೆ ನೀವೂ ನಾಣ್ಯ ನೋಡುವುದಿಲ್ಲ, ಚೀಟಿ ಓದುತ್ತೀರಿ.”

“ಅಣ್ಣ, ಮುಗಿಯಿತಾ?” ಎಂದು ಮುರಳೀಧರನ್ ಕೇಳಿದ.

“ಇಲ್ಲ. ಎಪ್ಪತ್ತಕ್ಕೆ ಎಪ್ಪತ್ತು ಅಂಕ ಯಾವ ನಾಣ್ಯಕ್ಕೆ ಕೊಡುತ್ತಾರೆ, ಹೇಳಿ. ಟಂಕಸಾಲೆಯಿಂದ ಬಂದ ಮೇಲೆ ಯಾರ ಕೈಗೂ ಹೋಗದೆ ಇದ್ದದ್ದಕ್ಕೆ. ಒಂದು ಪಡಿ ರಾಗಿ ಕೊಳ್ಳದೆ ಇದ್ದದ್ದಕ್ಕೆ. ಚಲಾವಣೆಯಾಗಿ ಮುಖ ಸವೆದು ಹೋದದ್ದಕ್ಕೆ ನಾಲ್ಕು, ಐದು. ಜೀವಮಾನವಿಡೀ ದುಡಿದವನು ಫೇಲು, ಹಾಸಿಗೆ ಬಿಟ್ಟು ಏಳದವನು ಫಸ್ಟ್ ಕ್ಲಾಸು. ಇದು ಯಾವ ಊರಿನ ನ್ಯಾಯ?”

ಸಭೆ ನಕ್ಕಿತು. ನಂಜುಂಡೇಶ ಮಾತ್ರ ಭೋಜನ್‌ನ ಅಂಗಿ ಜಗ್ಗಿ ಕನ್ನಡದಲ್ಲಿ, “ಕೂತ್ಕ ಭೋಜಣ್ಣ. ಒಸಿ ಅವ್ರ ಮಾತೂ ಕೇಳು. ನಾನು ಹಿತ್ತಾಳೆ ಬಿಲ್ಲೆಗೆ ಚಿನ್ನದ ರೇಟು ಸುರ್ದವ್ನು. ಅವತ್ತು ಇಂಥದೊಂದು ಡಬ್ಬಿ ಇದ್ದಿದ್ರ ನನ್ ಮಾನ ಉಳೀತಿತ್ತು” ಎಂದ. ಅದೂ ನಿಜವೇ. ಟಿಪ್ಪುವಿನ ಕಾಲದ್ದೆಂದು ನಂಬಿ ನಂಜುಂಡೇಶ ಕೊಂಡಿದ್ದ ವರಹದ ಮೇಲಿನ ಬಣ್ಣ ಒಂದೇ ಮಳೆಗಾಲಕ್ಕೆ ಎದ್ದುಹೋಗಿ, ಇಡೀ ಮಾರ್ಕೆಟ್ಟು ಅವನನ್ನು ಎರಡು ವರ್ಷ ‘ಸುಲ್ತಾನ’ ಎಂದು ಕರೆದಿತ್ತು.

ಮುರಳೀಧರನ್ ಎದ್ದು ನಿಂತ. “ಹೋದ ವರ್ಷದ ಪ್ರದರ್ಶನದಲ್ಲಿ ಮೂವತ್ತು ಖೋಟಾ ನಾಣ್ಯ ಇದ್ದವು ಅಣ್ಣ. ಕೊಯಮತ್ತೂರಿನಿಂದ ಬಂದವರು ನಮ್ಮ ಮುಖಕ್ಕೇ ನಕ್ಕು ಹೋದರು. ನಿಮ್ಮ ಕಣ್ಣಿನ ಮೇಲೆ ನಿಮಗೆ ಅಷ್ಟು ನಂಬಿಕೆ ಇದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಇನ್ನೂರು ವರ್ಷದ ವೀರರಾಯ ಹಣ ಇದೆ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೀರಿ. ಅದನ್ನು ಕಳಿಸಿ. ಅಸಲಿ ಎಂದು ಬಂದರೆ, ಕಣ್ಣೇ ಸಾಕು ಎಂದು ಒಪ್ಪಿ ಈ ಕಾಗದ ಹರಿದುಹಾಕುತ್ತೇನೆ.”

“ಆಗಲಿ,” ಎಂದ ಭೋಜನ್. ಹೇಳಿ ಕೂತ ಮೇಲೆ, ತಾನು ಪಣಕ್ಕಿಟ್ಟದ್ದು ತನ್ನದಲ್ಲ ಎಂಬುದು ಹೊಳೆಯಿತು. ಆದರೆ ಅಷ್ಟು ಜನರ ಮುಂದೆ ಆಡಿದ ಮಾತನ್ನು ನುಂಗಿಕೊಳ್ಳುವ ಜಾಯಮಾನ ಅವನದಲ್ಲ.

ಆ ಹಣ ಅವನ ತಾಯಿಯದು. ತೊಂಬತ್ತೆರಡು ವರ್ಷದ ಅವಳನ್ನು ಕೇರಿಯೆಲ್ಲ ಮಾದಿ ಹೆತ್ತೆ, ಎಂದರೆ ಮಾದಿ ಅಜ್ಜಿ, ಎಂದೇ ಕರೆಯುತ್ತಿತ್ತು. ವೀರರಾಯ ಹಣವೆಂದರೆ ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಪುಟ್ಟ ಚಿನ್ನದ ನಾಣ್ಯ, ಒಂದು ತೊಗರಿಬೇಳೆಗಿಂತ ಕೊಂಚ ಅಗಲ. ಬಡಗರ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಸಂಗ್ರಹಕ್ಕಲ್ಲ. ಯಾರಿಗಾದರೂ ಕೊನೆಯ ಉಸಿರು ಬಂತೆಂದರೆ ಆ ಹಣವನ್ನು ತುಪ್ಪದಲ್ಲಿ ಅದ್ದಿ ಬಾಯಿಗೆ ಹಾಕಬೇಕು. ಅವರು ಅದನ್ನು ನುಂಗಿ ಹೊರಡಬೇಕು. ಮುಂದಿನ ದಾರಿಯ ಖರ್ಚಿಗೆ. ನುಂಗುವ ಶಕ್ತಿ ಇಲ್ಲದವರಿಗೆ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತಾರೆ, ಆದರೆ ನುಂಗಿ ಹೋದವರದು ಪೂರ್ತಿ ಹೋದ ಹಾಗೆ ಎಂದು ಹಿರಿಯರ ಲೆಕ್ಕ. ಮಾದಿ ಹೆತ್ತೆಯ ಹಣ ಅವಳ ಎಲೆಯಡಿಕೆ ಚೀಲದೊಳಗಿನ ಹಿತ್ತಾಳೆ ಡಬ್ಬಿಯಲ್ಲಿ, ತುಪ್ಪ ಹೀರಿದ ಒಂದು ಚಿಂದಿಯಲ್ಲಿ ಮಲಗಿತ್ತು. ಮನೆಯಲ್ಲಿ ಇದ್ದದ್ದು ಅದೊಂದೇ. ಸೋಮವಾರ ಬಡಗರಿಗೆ ಒಳ್ಳೆಯ ದಿನ. ಪ್ರತಿ ಸೋಮವಾರ ಅವಳು ಡಬ್ಬಿ ತೆರೆದು ಒಂದು ಬೆರಳಿನಿಂದ ಅದನ್ನು ಮುಟ್ಟಿ ನೋಡಿ ಮುಚ್ಚುತ್ತಿದ್ದಳು.

ಅವಳು ಬಿಸಿಲಿಗೆ ಕೂತಿದ್ದ ಹೊತ್ತು ನೋಡಿ ಭೋಜನ್ ಅದನ್ನು ತೆಗೆದ. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಚಿಂದಿಯಿಂದ ಹಣವನ್ನಷ್ಟೇ ಬಿಡಿಸಿಕೊಂಡು ಡಬ್ಬಿಯನ್ನು ಮತ್ತೆ ಚೀಲದಲ್ಲಿಟ್ಟ. ಕಳಿಸುವ ಖರ್ಚು, ವಿಮೆ, ಪರೀಕ್ಷೆಯ ಫೀಸು ಎಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರವಾಯಿತು. ಒಂದು ತಿಂಗಳಲ್ಲಿ ಬರುತ್ತದೆ ಎಂದಿದ್ದ ಮುರಳೀಧರನ್.

ಸೋಮವಾರ ಬಂತು.

“ಎನ್ನ ಹಣ ಎಲ್ಲಿ?” ಎಂದು ಮಾದಿ ಹೆತ್ತೆ ಕೇಳಿದಳು.

“ಪರೀಕ್ಷೆಗ ಕಳಿಸಿದೆ ಅವ್ವೆ. ದೊಡ್ಡ ಕಂಪನಿ. ಅಸಲಿ ಅಂತ ಬರೆದು ಕೊಡುತಾರೆ.”

“ಯಾರ ಕೇಟು ಕಳಿಸಿದೆ?”

ಅವನು ಯಾರನ್ನೂ ಕೇಳಿರಲಿಲ್ಲ. ಅವಳು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದಳು. “ಹಣ ಬರೋ ಮೊದಲು ಎನಗ ಕರೆ ಬಂದರೆ ಎನ ಮಾಡುವೆ? ಕಂಪನಿಗ ಕಾಗದ ಬರೆವೆಯಾ?” ಎಂದಷ್ಟೇ ಕೇಳಿ, ಅಲ್ಲಿಂದ ಹನ್ನೊಂದು ವಾರ ಮಗನ ಜೊತೆ ಮಾತು ಬಿಟ್ಟಳು. ಬೇಕಾದದ್ದನ್ನು ಭೋಜನ್‌ನ ಸೊಸೆ ನಿವೇತಾಳಿಗೆ ಹೇಳುತ್ತಿದ್ದಳು. ಮಗ ಎದುರಿಗೆ ಬಂದರೆ ಟೀ ಗಿಡ ನೋಡುತ್ತಿದ್ದಳು. ಭೋಜನ್ ಆ ಹನ್ನೊಂದು ವಾರ ಪ್ರತಿ ಬೆಳಿಗ್ಗೆ ಎದ್ದೊಡನೆ ಅವಳ ಎದೆ ಏರಿಳಿಯುವುದನ್ನು ನೋಡಿಯೇ ಮುಖ ತೊಳೆಯುತ್ತಿದ್ದ. ಅಷ್ಟು ಹೆದರಿಕೆಯನ್ನು ಅವನು ಹಿಂದೆ ಯಾವತ್ತೂ ಉಂಡಿರಲಿಲ್ಲ.

ಜೂನಿನಲ್ಲಿ ಪೊಟ್ಟಣ ಸಂಘಕ್ಕೆ ಬಂತು. ಎಲ್ಲರ ಮುಂದೆಯೇ ಬಿಚ್ಚಿದರು. ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ನಡುವೆ ಆ ಪುಟ್ಟ ಹಣ, ಮೇಲೆ ಒಂದು ಕೆಂಪು ಚೀಟಿ. ಇಂಗ್ಲಿಷಿನಲ್ಲಿ ಬರೆದಿದ್ದರ ಸಾರ ಇಷ್ಟು: ವೀರರಾಯ ಹಣದ ಅನುಕರಣೆ. ಹಿಂದಿನ ಶತಮಾನದ ಅಕ್ಕಸಾಲಿ ಕೆಲಸ. ಮೇಲ್ಮೈಯಲ್ಲಿ ಜಿಡ್ಡು. ಅಸಲಿ ಅಲ್ಲ. ಅಂಕ ಇಲ್ಲ. ಬೇರೆ ಕಂಪನಿಗಳು ಖೋಟಾ ನಾಣ್ಯವನ್ನು ಡಬ್ಬಿಗೆ ಹಾಕುವುದಿಲ್ಲವಂತೆ. ಇವರು ಇನ್ನೊಬ್ಬರಿಗೆ ಮೋಸವಾಗದಿರಲಿ ಎಂದು ಅದಕ್ಕೂ ಕೆಂಪು ಚೀಟಿ ಹಚ್ಚಿ ಸೀಲ್ ಮಾಡುತ್ತಾರೆ ಎಂದು ಮುರಳೀಧರನ್ ವಿವರಿಸಿದ. ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸೂಚನೆ ಇತ್ತು: ಮುಂದೆ ಡಬ್ಬಿ ಒಡೆದರೆ ಈ ಚೀಟಿಯನ್ನು ಕಾರಣ ಬರೆದು ಕಂಪನಿಗೆ ಹಿಂತಿರುಗಿಸಬೇಕು. ಅವರ ಪುಸ್ತಕದಲ್ಲಿ ಸರಿಮಾಡಿಕೊಳ್ಳುವುದಕ್ಕೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಭೋಜನ್‌ಗೆ ಹಗುರವಾಗುತ್ತಿತ್ತು. ನಂಜುಂಡೇಶ ಅವನ ಹೆಗಲ ಮೇಲೆ ಕೈ ಇಟ್ಟು, “ಬುಡು ಭೋಜಣ್ಣ, ಇನ್ಮ್ಯಾಕ ಸುಲ್ತಾನರು ಇಬ್ರಾದೊ” ಎಂದ. ನಿಯಮ ಪಾಸಾಯಿತು. ಕೈ ಎತ್ತಿದವರಲ್ಲಿ ನಂಜುಂಡೇಶನೂ ಇದ್ದ.

ಕೂನೂರಿನ ಬಸ್ಸಿನಲ್ಲಿ ಭೋಜನ್ ಆ ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಕೂತ. ಸೋತದ್ದು ಅವನಿಗೆ ದೊಡ್ಡದಾಗಿರಲಿಲ್ಲ. ಕಂಪನಿಯವರು ತಪ್ಪಾಗಿ ನೋಡಿದ್ದಾರೆ ಎಂದು ಬೈಯುತ್ತ ಹೋಗಬಹುದಿತ್ತು. ಬೈಯಲು ಹೊರಟರೆ ನಾಲಿಗೆ ಏಳುತ್ತಿರಲಿಲ್ಲ. ಡಬ್ಬಿಯ ಮೂಲಕ ನೋಡಿದಾಗ, ಅಚ್ಚಿನ ಚುಕ್ಕೆಗಳು ತೀರ ದುಂಡಗೆ, ತೀರ ಹೊಸದಾಗಿ ಕಾಣುತ್ತಿದ್ದವು. ಇಷ್ಟು ವರ್ಷ ಅವನು ಅದನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿಯೇ ಇರಲಿಲ್ಲ. ಊರಿನವರ ನಾಣ್ಯಕ್ಕೆಲ್ಲ ಕಣ್ಣು ಕೀಲಿಸುವವನು ತಾಯಿಯದು ಎಂದು ನೋಡದೆ ನಂಬಿದ್ದ.

ಮನೆಗೆ ಬಂದು ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟು, ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಅಸಲಿ ಅಲ್ಲವಂತೆ ಎಂಬಲ್ಲಿಗೆ ಬಂದಾಗ ಕೆಂಪು ಚೀಟಿಯನ್ನು ಬೆರಳಿನಿಂದ ತೋರಿಸಿದ.

ಮಾದಿ ಹೆತ್ತೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ, ಭುಜ ಕುಲುಕುವಂತೆ ನಕ್ಕಳು. ಹನ್ನೊಂದು ವಾರದ ಮೌನ ಆ ನಗುವಿನಲ್ಲಿ ಮುರಿಯಿತು.

“ಇದ ಹೇಳೋಕ ಅವರಿಗ ಹನ್ನೊಂದು ವಾರ ಬೇಕಾತಾ? ಎನ್ನ ಕೇಟಿದ್ದರೆ ಆಗಲೇ ಹೇಳುತಿದ್ದೆ. ಇದ ಮಾಡಿದ್ದು ಕೂನೂರು ಆಸಾರಿ.”

ಅವಳು ಹೇಳಿದ್ದು ಇಷ್ಟು. ಅವಳ ತಾಯಿಯ ಕಾಲಕ್ಕೇ ಹಳೆಯ ಹಣ ಎಲ್ಲೂ ಸಿಕ್ಕಲಿಲ್ಲ. ಸಿಕ್ಕಿದ ಒಂದೆರಡನ್ನು ಉಳ್ಳವರು ಕೊಂಡಿದ್ದರು. ಆ ಹೆಂಗಸು ತನ್ನ ಎರಡು ಓಲೆಗಳಲ್ಲಿ ಒಂದನ್ನು ಬಿಚ್ಚಿ ಕೂನೂರಿನ ಅಕ್ಕಸಾಲಿಗೆ ಕೊಟ್ಟು, ಅದನ್ನು ಕರಗಿಸಿ ಎರಡು ಹಣ ಮಾಡಿಸಿದಳು, ಒಂದು ತನಗೆ, ಒಂದು ಮಗಳಿಗೆ. ಇನ್ನೊಂದು ಓಲೆ ಮಾರಿ ಮಗಳ ಮದುವೆ ಮಾಡಿದಳು. ಅಂದಿನಿಂದ ಸಾಯುವ ತನಕ ಬರಿಗಿವಿಯಲ್ಲಿ ಇದ್ದಳು.

“ಅವಳ ಬಾಯಿಗ ಹಣ ಹಾಕಿದ್ದು ಎನ್ನ ಕೈಯೇ,” ಎಂದಳು ಮಾದಿ ಹೆತ್ತೆ. “ಅರವತ್ತು ವರ್ಷ ಆತು. ಈ ಹಣ ಇಲ್ಲಿ ನಡೆಯೋದಿಲ್ಲೆ ಅಂತ ಯಾರೂ ಅವಳ ತಿರುಗಿ ಕಳಿಸಿಲ್ಲೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲೆ ಅವ್ವೆ?”

“ನೀ ಕೇಟಿಲ್ಲೆ. ಇನ್ನೂರು ವರ್ಷದ್ದು ಅಂತ ಊರೆಲ್ಲ ಹೇಳಿಕೊಂಡು ಬಂದವನು ನೀನು, ನಾನಲ್ಲ.” ಅವಳು ಡಬ್ಬಿಯನ್ನು ತಿರುಗಿಸಿ ನೋಡಿ, ಉಗುರಿನಿಂದ ಕೆರೆದು, “ಇದರೊಳಗ ಯಾಕೆ ಕೂಡಿಹಾಕಿದರು? ಕಳ್ಳತನ ಮಾಡಿತಾ?” ಎಂದಳು.

ಆ ಸಂಜೆ ಭೋಜನ್‌ಗೆ ಬಂದ ಸಿಟ್ಟು ಬೇರೆ ಬಗೆಯದು. ಕಂಪನಿಯವರು ಸುಳ್ಳು ಹೇಳಿರಲಿಲ್ಲ. ಅವರ ಪ್ರತಿ ಅಕ್ಷರವೂ ಸರಿಯಾಗಿತ್ತು, ಅಕ್ಕಸಾಲಿ ಕೆಲಸ ಎಂಬುದೂ ಸರಿ, ಜಿಡ್ಡು ಎಂಬುದೂ ಸರಿ. ಅದು ಅವನ ಅಜ್ಜಿಯ ಕಿವಿಯ ಚಿನ್ನ, ಅವನ ತಾಯಿಯ ತುಪ್ಪ. ಅಷ್ಟು ಸರಿಯಾಗಿ ನೋಡಿದವರು ಕೊನೆಗೆ ಬರೆದದ್ದು ‘ಅಸಲಿ ಅಲ್ಲ’ ಎಂದು. ಹಾಗಾದರೆ ಈ ಮನೆಯಲ್ಲಿ ಅಸಲಿ ಯಾವುದು ಎಂದು ಅವನಿಗೆ ಯಾರನ್ನಾದರೂ ಹಿಡಿದು ಕೇಳಬೇಕೆನಿಸಿತು.

ಸುದ್ದಿಗೆ ಕಾಲು ಬೇಕೆ? ಹುಬ್ಬತಲೈಯಲ್ಲಿ ವಾರದೊಳಗೆ ಎಲ್ಲರಿಗೂ ಗೊತ್ತಾಯಿತು. ಭೋಜನ್‌ನ ಅಕ್ಕನ ಮಗ ಸುರೇಂದ್ರನ್ ಕೂನೂರಿನಲ್ಲಿ ಮೊಬೈಲ್ ಅಂಗಡಿ ನಡೆಸುತ್ತಿದ್ದ. ಸಭ್ಯ ಹುಡುಗನೇ, ಆದರೆ ಊರಿನ ಬಾಯಿಗೆ ಹೆದರುವವನು. ಜುಲೈಯಲ್ಲಿ ಅವನು ಒಂದು ಡಬ್ಬಿ ತಂದು ತೋರಿಸಿದ. ಅಸಲಿ ವೀರರಾಯ ಹಣ, ಹಸಿರು ಚೀಟಿ, ಅಂಕ ಐವತ್ತೆಂಟು.

“ಹೆತ್ತೆಗ ಖೋಟಾ ಹಣ ಕೊಟ್ಟು ಕಳಿಸಿದರು ಅಂತ ನಾಳೆ ಮಾತು ಬರಬಾರದು, ಮಾಮ,” ಎಂದ. “ನನ್ನ ದುಡ್ಡು. ನೀವು ಏನೂ ಕೊಡಬೇಡಿ.”

“ಅವಳ ಹಣ ಅವಳಿಗ ಇದೆ,” ಎಂದ ಭೋಜನ್.

“ಇದೆ, ಆದರೆ ಅದು—”

“ಇದೆ ಅಂದೆನಲ್ಲ.”

ಸುರೇಂದ್ರನ್ ಡಬ್ಬಿಯನ್ನು ವಾಪಸ್ ಒಯ್ದ, ಆದರೆ ಕೊಂಡ ಕಡೆಗೆ ಹಿಂತಿರುಗಿಸಲಿಲ್ಲ.

ಸೆಪ್ಟೆಂಬರಿನ ಪ್ರದರ್ಶನ ಎರಡನೆಯ ಶನಿವಾರ, ಭಾನುವಾರ ಎಂದು ಗೊತ್ತಾಯಿತು. ಅದರ ಹಿಂದಿನ ದಿನ ಭೋಜನ್ ತಾಯಿಯ ಬಳಿ ಕೂತ. ಈ ಸಲ ಕೇಳಿದ. ನಿನ್ನ ಹಣವನ್ನು ಆ ಮೇಜಿನ ಮೇಲೆ ಇಡಬೇಕೆಂದಿದ್ದೇನೆ, ಡಬ್ಬಿಯನ್ನು ಒಡೆಯದೆ ಹಾಗೇ ಇಡಬೇಕು, ಕೊಡುತ್ತೀಯಾ ಎಂದ. ಅವಳು ಅಡಿಕೆ ಕತ್ತರಿಸುತ್ತಲೇ ಕೇಳಿದಳು.

“ಜನ ನಗುತಾರೆ?”

“ನಗುತಾರೆ.”

“ಹಾಗಾರೆ ಇಡು. ಎನ್ನ ಅವ್ವೆಯ ಓಲೆ ಇದು ಅಂತ ಹೇಳು. ಸೋಮಾರ ಹೊತ್ತಿಗ ಎನ್ನ ಕೈಗ ಬರಬೇಕು.”

ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ಮುರಳೀಧರನ್ ಕೆಂಪು ಚೀಟಿ ನೋಡಿ ಬೆಚ್ಚಿದ. “ಅಣ್ಣ, ಇದನ್ನು ಇಡುವ ಹಾಗಿಲ್ಲ.”

“ನಿಮ್ಮ ನಿಯಮ ಓದಿ. ಕಂಪನಿ ಪರೀಕ್ಷಿಸಿರಬೇಕು. ಪರೀಕ್ಷಿಸಿದ್ದಾರೆ. ಚೀಟಿ ಹಚ್ಚಿರಬೇಕು. ಹಚ್ಚಿದ್ದಾರೆ. ಸೀಲ್ ಆಗಿರಬೇಕು. ಬೇಕಾದರೆ ಕಚ್ಚಿ ನೋಡಿ. ಅಸಲಿ ಆಗಿರಬೇಕು ಎಂದು ಎಲ್ಲಿ ಬರೆದಿದ್ದೀರಿ?”

ಮುರಳೀಧರನ್ ಕಾಗದ ತೆಗೆದು ಎರಡು ಸಲ ಓದಿದ. ಬರೆದಿರಲಿಲ್ಲ. ಅಂಕ ಅರವತ್ತೈದು, ಅರವತ್ತಾರು ಪಡೆದು ಹೊಳೆಯುತ್ತಿದ್ದ ನಾಣ್ಯಗಳ ನಡುವೆ, ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಚೀಟಿಯ ಡಬ್ಬಿಗೂ ಒಂದು ಜಾಗ ಕೊಡಬೇಕಾಯಿತು. ಅದರ ಮುಂದೆ ಭೋಜನ್ ತನ್ನ ಕೈಯಲ್ಲೇ ಬರೆದ ರಟ್ಟು ನಿಲ್ಲಿಸಿದ. ‘ಮಾದಿ ಹೆತ್ತೆಯ ಹಣ. ಅವಳ ತಾಯಿಯ ಓಲೆಯಿಂದ ಮಾಡಿದ್ದು. ಇದರ ಜೋಡಿ ಖರ್ಚಾಗಿದೆ. ಇದು ಇನ್ನೂ ಆಗಬೇಕಾಗಿದೆ.’

ಜನ ನಕ್ಕರು. ಕೆಲವರು ಫೋಟೋ ತೆಗೆದರು. ಟೀ ತೋಟದ ಕಡೆಯಿಂದ ಬಂದ ಇಬ್ಬರು ಮುದುಕಿಯರು ಮಾತ್ರ ಉಳಿದ ಮೇಜುಗಳನ್ನೆಲ್ಲ ಬಿಟ್ಟು ಅದರ ಮುಂದೆ ನಿಂತು, ಗಾಜಿಗೆ ಕೈ ಮುಗಿದು ಹೋದರು. ಅದನ್ನು ಮುರಳೀಧರನ್ ದೂರದಿಂದ ನೋಡಿದ. ಭೋಜನ್ ಅವನು ನೋಡಿದ್ದನ್ನು ನೋಡಿದ.

ಭಾನುವಾರ ಹನ್ನೊಂದು ಗಂಟೆಗೆ ನಿವೇತಾಳ ಫೋನು ಬಂತು.

“ಮಾಮಾ, ಹೆತ್ತೆಗ ಉಸಿರು ಸರಿ ಇಲ್ಲೆ. ನರ್ಸಮ್ಮ ಬಂದು ನೋಡಿ ಎಲ್ಲರ ಕರೆಯಿರಿ ಅಂದರು. ಮಾತು ನಿಂತಿದೆ. ಕಣ್ಣು ಮಾತ್ರ ಚೀಲದ ಕಡೆ ಹೋಗುತಿದೆ.”

ಸೋಮವಾರಕ್ಕೆ ಕೊಡುತ್ತೇನೆಂದ ಹಣ ಬೀಗ ಹಾಕಿದ ಗಾಜಿನೊಳಗೆ ಇತ್ತು, ಅವಳು ಹದಿನೆಂಟು ಕಿಲೋಮೀಟರಿನಾಚೆ ಇದ್ದಳು. ಭೋಜನ್ ಮುರಳೀಧರನ್ ಮುಂದೆ ಹೋಗಿ ನಿಂತ. ಐದು ಗಂಟೆಯ ತನಕ ಪೆಟ್ಟಿಗೆ ತೆರೆಯಬಾರದೆಂಬುದೂ ಒಂದು ನಿಯಮವೇ.

“ಅವ್ವೆ ಹೊರಟಿದ್ದಾಳೆ,” ಎಂದ. “ಕೀಲಿ ಕೊಡುತ್ತೀರೋ, ಗಾಜು ಒಡೆಯಲೋ?”

ಮುರಳೀಧರನ್ ತಾನೇ ಬೀಗ ತೆರೆದ. ಡಬ್ಬಿ ತೆಗೆದು ಕೊಡುವಾಗ ಕರವಸ್ತ್ರದಿಂದ ಒಮ್ಮೆ ಒರೆಸಿ ಕೊಟ್ಟ. ಅಭ್ಯಾಸಬಲ.

ನಂಜುಂಡೇಶನ ಟೆಂಪೊ ಹೊರಗೇ ನಿಂತಿತ್ತು, ಹಿಂದೆ ಮೇಟ್ಟುಪಾಳಯಕ್ಕೆ ಹೋಗಬೇಕಾಗಿದ್ದ ಕ್ಯಾರೆಟ್ ಮೂಟೆಗಳು. “ಹತ್ತಣ್ಣ,” ಎಂದನಷ್ಟೇ. ಸೀಸನ್ನಿನ ಕಾರುಗಳು ಘಾಟಿ ರಸ್ತೆಯ ತುಂಬ ಸಾಲುಗಟ್ಟಿದ್ದವು. ಕೇತಿ ದಾಟುವಷ್ಟರಲ್ಲೇ ಅರ್ಧ ಗಂಟೆ ಹೋಯಿತು. ಭೋಜನ್ ಡಬ್ಬಿಯನ್ನು ಒಡೆಯಲು ಸೀಟಿನ ಕೆಳಗಿನ ಸ್ಪ್ಯಾನರ್ ಎತ್ತಿಕೊಂಡ.

“ಇಲ್ಲಿ ಬ್ಯಾಡ ಕಣಣ್ಣ,” ಎಂದು ನಂಜುಂಡೇಶ ಹಾರ್ನಿನ ಮೇಲಿಂದ ಕೈ ತೆಗೆಯದೆ ಹೇಳಿದ. “ಅಷ್ಟ್ ಸಣ್ಣದು, ಹಾರಿ ಸಂದೀಲಿ ಬಿದ್ರ ಕಾಳು ಹುಡುಕ್ದಂಗ ಹುಡುಕ್ಬೇಕಾಯ್ತದ. ಮನೇಲೇ ಒಡಿ.” ಒಂದು ತಿರುವು ದಾಟಿದ ಮೇಲೆ ಮತ್ತೆ ಹೇಳಿದ: “ನಾನು ನಿಯಮಕ್ಕ ಕೈ ಎತ್ತಿದ್ದು ಈ ಹಣಕ್ಕಲ್ಲ ಭೋಜಣ್ಣ. ನನ್ನ ಹಿತ್ತಾಳೆಗ.”

“ಗೊತ್ತು,” ಎಂದ ಭೋಜನ್.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಕಿಟಕಿಯ ಬಿಸಿಲು ಬೀಳುವ ಕಡೆಗೆ ಮಾದಿ ಹೆತ್ತೆಯ ಹಾಸಿಗೆಯನ್ನು ಎಳೆದಿದ್ದರು. ಸುರೇಂದ್ರನ್ ತಲೆದಿಂಬಿನ ಪಕ್ಕ ತುಪ್ಪದ ಬಟ್ಟಲು ಹಿಡಿದು ಕೂತಿದ್ದ. ನೆಲದ ಮೇಲೆ ಒಂದು ಸ್ಕ್ರೂಡ್ರೈವರ್, ಎರಡು ಹೋಳಾದ ಡಬ್ಬಿ, ಹಸಿರು ಚೀಟಿ.

“ಮೂರು ಸಲ ನೋಡಿದೆ ಮಾಮ,” ಎಂದ ಸುರೇಂದ್ರನ್. ಅವನ ಕಣ್ಣು ಕೆಂಪಾಗಿತ್ತು. “ಬಾಯಿ ತೆರೆಯುತಿಲ್ಲೆ.”

“ಇವರು ಡಬ್ಬಿ ಒಡೆಯೋದನ್ನ ಹೆತ್ತೆ ನೋಡುತಾ ಇದ್ದರು,” ಎಂದಳು ನಿವೇತಾ. “ಆಮೇಲೆ ತುಟಿ ಬಿಗಿದರು. ನಾನು ನೀರು ಕೊಟ್ಟರೆ ಕುಡಿಯುತಾರೆ.”

ಗೋಡೆಗೆ ಒರಗಿದ್ದ ಊರಿನ ಹಿರಿಯರೊಬ್ಬರು, “ಹೊತ್ತು ಮೀರುತಿದೆ. ನುಂಗೋ ಶಕ್ತಿ ಇಲ್ಲೆ ಅಂತ ಕಾಣುತ್ತೆ. ಆ ಅಸಲಿ ಹಣವ ತೋಳಿಗ ಕಟ್ಟಿಬಿಡಿ” ಎಂದರು. ಸುರೇಂದ್ರನ್ ಬಟ್ಟೆಯ ಚೂರು ಕೈಗೆತ್ತಿಕೊಂಡ.

“ಕಟ್ಟಬೇಡ,” ಎಂದ ಭೋಜನ್.

“ಇದಕ್ಕ ಚೀಟಿ ಇದೆ ಮಾಮ. ಊರು ಏನನ್ನುತ್ತೆ?”

“ಊರು ಇಲ್ಲೇ ಕೂತಿದೆ, ಕೇಳಲಿ.” ಭೋಜನ್ ಎಲ್ಲರಿಗೂ ಕೇಳುವಂತೆ ಹೇಳಿದ. “ಎನ್ನ ಅವ್ವೆಯ ಹಣ ಇನ್ನೂರು ವರ್ಷದ್ದಲ್ಲ. ನಾನು ಇಷ್ಟು ದಿನ ಹೇಳಿದ್ದು ಸುಳ್ಳು. ಇದ ಮಾಡಿದ್ದು ಕೂನೂರು ಆಸಾರಿ. ಚಿನ್ನ ಎನ್ನ ಹೆತ್ತೆಯ, ಅವ್ವೆಯ ಅವ್ವೆಯ ಕಿವಿದು. ಕಂಪನಿ ಬೇಡ ಅಂದಿದೆ, ಸಂಘ ಬೇಡ ಅಂದಿದೆ. ನಿಮಗೂ ಬೇಡವಾದರೆ ಹೊರಗ ಕೂತುಕೊಳ್ಳಿ. ಬಾಯಿ ನಿಮ್ಮದಲ್ಲ.”

ಯಾರೂ ಏಳಲಿಲ್ಲ. ಅವನು ಸುರೇಂದ್ರನ್‌ನ ಕೈಯಿಂದ ಬಟ್ಟೆ ತೆಗೆದು, ತುಪ್ಪ ಹತ್ತಿದ ಆ ಇನ್ನೊಂದು ಹಣವನ್ನು ಅವನ ಅಂಗೈಯಲ್ಲೇ ಮಡಿಸಿ, “ಇದ ನಿನಗ ಇಟ್ಟುಕೋ. ಒಂದು ದಿನ ಬೇಕಾಗುತ್ತೆ” ಎಂದ.

ಆಮೇಲೆ ತಾಯಿಯ ಎಲೆಯಡಿಕೆ ಚೀಲದಿಂದ ಅವಳ ಅಡಕತ್ತರಿ ತೆಗೆದ. ಎಪ್ಪತ್ತು ವರ್ಷ ಅವಳ ಅಡಿಕೆ ಕತ್ತರಿಸಿ ಹಿಡಿ ಕರಿದಾಗಿದ್ದ ಕಬ್ಬಿಣ. ಡಬ್ಬಿಯ ಅಂಚನ್ನು ಅದರ ಬಾಯಿಗೆ ಕೊಟ್ಟು ಎರಡೂ ಕೈಯಿಂದ ಅದುಮಿದ. ಪ್ಲಾಸ್ಟಿಕ್ಕು ಮೊದಲು ಜಗ್ಗಲಿಲ್ಲ. ಇನ್ನೊಮ್ಮೆ ಅದುಮಿದಾಗ ಟಪ್ಪೆಂದು ಸೀಳಿತು, ಹಣ ಹಾರಿತು. ಎಲ್ಲರ ಕಣ್ಣೂ ನೆಲ ಹುಡುಕಿತು. ಅದು ಎಲ್ಲೂ ಹೋಗಿರಲಿಲ್ಲ, ಮಾದಿ ಹೆತ್ತೆ ಮೈಗೆ ಸುತ್ತಿಕೊಂಡಿದ್ದ ಬಿಳಿ ಮುಂಡಿನ ಮಡಿಕೆಯಲ್ಲೇ ಬಿದ್ದಿತ್ತು. ನಿವೇತಾ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಕೊಟ್ಟಳು.

ಭೋಜನ್ ಹಣವನ್ನು ತುಪ್ಪದಲ್ಲಿ ಅದ್ದಿದ. ತಾಯಿಯ ಮುಖದ ಮುಂದೆ ಅದನ್ನು ಹಿಡಿದ. ಅವಳು ಅವನನ್ನು ನೋಡಲಿಲ್ಲ, ಹಣವನ್ನು ನೋಡಿದಳು, ಬಿಸಿಲಿನಲ್ಲಿ, ಸಾವಕಾಶವಾಗಿ, ಕೊನೆಯ ಸೋಮವಾರದ ಪರೀಕ್ಷೆಯನ್ನು ಒಂದು ದಿನ ಮೊದಲೇ ಮುಗಿಸುವವಳಂತೆ.

“ಅವ್ವೆ, ಓಲೆ,” ಎಂದ ಭೋಜನ್.

ಮಾದಿ ಹೆತ್ತೆ ಬಾಯಿ ತೆರೆದಳು. ಅವನು ನಾಲಿಗೆಯ ಮೇಲೆ ಇಟ್ಟ. ಗಂಟಲು ಒಮ್ಮೆ ಆಡಿತು. ಅವಳು ಮತ್ತೆ ಬಾಯಿ ತೆರೆದು ತೋರಿಸಿದಳು, ಮಾತ್ರೆ ನುಂಗಿದ ಮಕ್ಕಳು ತೋರಿಸುವ ಹಾಗೆ. ಅಲ್ಲಿ ಏನೂ ಇರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಹೊರಟಳು. ಭೋಜನ್ ಊರಿನವರೆಲ್ಲರ ಮುಂದೆ ನಾಚಿಕೆ ಬಿಟ್ಟು ಅತ್ತ.

ಎಲ್ಲ ಕಾರ್ಯ ಮುಗಿದು ಒಂದು ವಾರದ ಮೇಲೆ ಮುರಳೀಧರನ್ ಹುಬ್ಬತಲೈಗೆ ಬಂದ. ಪ್ರದರ್ಶನದ ಪೆಟ್ಟಿಗೆಯಲ್ಲಿ ಉಳಿದುಹೋಗಿದ್ದ ರಟ್ಟನ್ನು ಒಂದು ಕವರಿನಲ್ಲಿ ಹಾಕಿ ತಂದಿದ್ದ. ಭಾನುವಾರ ಸಂಜೆಯ ತನಕ ಆ ಜಾಗವನ್ನು ಖಾಲಿಯೇ ಬಿಟ್ಟಿದ್ದಾಗಿಯೂ, ರಟ್ಟು ತೆಗೆಯಲಿಲ್ಲವೆಂದೂ ಹೇಳಿದ. ಟೀ ಕುಡಿದ. ಹೊರಡುವಾಗ ಹಿಂಜರಿಯುತ್ತ, “ಅಣ್ಣ, ಆ ಕೆಂಪು ಚೀಟಿ ಇದ್ದರೆ ಕಂಪನಿಗೆ ಕಳಿಸಬೇಕು. ಅವರ ಪುಸ್ತಕಕ್ಕೆ. ಡಬ್ಬಿ ಒಡೆದ ಕಾರಣ ಬರೆಯಬೇಕಂತೆ” ಎಂದ.

“ಕಳಿಸೋಣ,” ಎಂದ ಭೋಜನ್. ಗೂಡಿನಲ್ಲಿದ್ದ ಚೀಟಿಯನ್ನು ತಂದು ಮೊಣಕಾಲಿನ ಮೇಲೆ ಇಟ್ಟುಕೊಂಡ. ಮುರಳೀಧರನ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಹಿಂಬದಿಯಲ್ಲಿ ‘ಕಾರಣ’ ಎಂಬುದರ ಮುಂದೆ ಒಂದು ಗೆರೆಯಷ್ಟೇ ಜಾಗವಿತ್ತು. ಅಲ್ಲಿ ಭೋಜನ್ ಬರೆದ:

‘ನಾಣ್ಯ ಚಲಾವಣೆಯಾಗಿದೆ.’